ತಲೆಕೆಳಗಾಗಿ ಉರಿದ ದೀಪ

ದೀಪಾವಳಿಗೆ ಇನ್ನೊಂದು ವಾರವಿದೆ ಎನ್ನುವಾಗ, ಪ್ರತಿ ವರ್ಷವೂ, ನಾನು ಭೂತದ ಚಲನಚಿತ್ರಗಳನ್ನು ನೋಡುತ್ತೇನೆ. ಈ ಮಾತು ಕೇಳಿದವರು ಮೊದಲು ನನ್ನ ಹಣೆಯ ವಿಭೂತಿಯನ್ನು ನೋಡಿ, ಆಮೇಲೆ ತಮ್ಮ ಕಿವಿಯನ್ನು ಸಂಶಯಿಸುತ್ತಾರೆ. ಮೂರು ದಶಕಕ್ಕೂ ಮಿಕ್ಕಿ ಪ್ರೌಢಶಾಲೆಯ ಮಕ್ಕಳಿಗೆ ಹಳಗನ್ನಡ ಪಾಠ ಹೇಳಿದವನು, ಬೆಳಗಿನ ಶಿವಪೂಜೆ ಮುಗಿಯದೆ ಕಾಫಿಯ ಲೋಟವನ್ನೂ ಮುಟ್ಟದವನು, ಇಂಥವನಿಗೆ ಈ ಚಟ ಎಲ್ಲಿಂದ ಅಂಟಿತು ಎಂಬುದು ಅವರ ಸೋಜಿಗ. ನನ್ನ ಹೆಂಡತಿಗೆ ಸೋಜಿಗವೂ ಇಲ್ಲ, ಗೌರವವೂ ಇಲ್ಲ. ನಾನು ಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡು ಪೂಜೆಯ ಕೋಣೆಯಿಂದ ಹೊರಬರುತ್ತಲೇ, "ಶಿವನ ಪೂಜೆ ಆತಲ್ರೀ, ಇನ್ನ ಟೀವಿ ಮುಂದೆ ಕುಂತು ಅವನ ಗಣಗಳ ಪೂಜೆ ಮಾಡ್ರಿ" ಎನ್ನುತ್ತಾಳೆ.

ಈ ದಿನಗಳಲ್ಲಿಯೇ ಹ್ಯಾಲೋವೀನ್ ಎಂಬ ಪರದೇಶದ ಹಬ್ಬವೊಂದು ಬರುತ್ತದೆ ಎಂದು ನನಗೆ ತಿಳಿಸಿದ್ದೂ ಟೀವಿಯೇ. ಆ ಜನ ಕುಂಬಳಕಾಯಿಗೆ ಕಣ್ಣು ಬಾಯಿ ಕೊರೆದು, ಒಳಗೆ ದೀಪವಿಟ್ಟು, ಹೆದರುವುದನ್ನೇ ಒಂದು ಸಂಭ್ರಮವಾಗಿ ಆಚರಿಸುತ್ತಾರಂತೆ. ನನಗೆ ಅದೇನೂ ವಿಚಿತ್ರವೆನಿಸಲಿಲ್ಲ. ಶಿಕಾರಿಪುರದಲ್ಲಿ ನಮ್ಮ ಬೀದಿಯ ಯಾವ ಹೊಸ ಮನೆಯ ಮುಂದೆ ನಿಂತರೂ ಕಣ್ಣು, ಹಲ್ಲು, ಮೀಸೆ ಬರೆಸಿಕೊಂಡ ಬೂದುಗುಂಬಳವೊಂದು ದೃಷ್ಟಿ ತಾಗದಿರಲೆಂದು ತೂಗಾಡುತ್ತಿರುತ್ತದೆ. ಅವರದಕ್ಕೆ ಮೀಸೆಯಿಲ್ಲ, ನಮ್ಮದಕ್ಕಿದೆ ಎಂಬುದಷ್ಟೇ ವ್ಯತ್ಯಾಸ.

ನನ್ನ ಮೆಚ್ಚಿನ ಹಳೆಯ ಚಿತ್ರಗಳಲ್ಲಿ ಭೂತ ಕಾಣಿಸಿಕೊಳ್ಳುವುದು ಕಡಿಮೆ. ಶಿವಮೊಗ್ಗದಲ್ಲಿ ಓದುತ್ತಿದ್ದಾಗ ನೋಡಿದ ಒಂದು ಇಂಗ್ಲಿಷ್ ಚಿತ್ರದಲ್ಲಿ ಮುದುಕಿಯೊಬ್ಬಳು ದಿನವೂ ಸಂಜೆ ಎರಡು ತಟ್ಟೆ ಹಾಕಿ ಒಬ್ಬಳೇ ಉಣ್ಣುತ್ತಾಳೆ. ಎದುರಿನ ಕುರ್ಚಿಗೆ ಯಾರೂ ಬರುವುದಿಲ್ಲ. ಕೊನೆಯ ದಿನ ಆ ತಟ್ಟೆಯ ಪಕ್ಕದ ಚಮಚ ಬಲಗಡೆಯಿಂದ ಎಡಗಡೆಗೆ ಬಂದಿರುತ್ತದೆ, ಅಷ್ಟೇ. ನಾನು ಒಂದು ತಿಂಗಳು ಚಮಚದಲ್ಲಿ ಉಣ್ಣಲಿಲ್ಲ. ಇನ್ನೊಂದು, ಹಿಂದಿಯದು: ನಾಲ್ವರು ಖಾಲಿ ಡೋಲಿಯನ್ನು ಹೊತ್ತು ಗುಡ್ಡ ಇಳಿಯುತ್ತಾರೆ, ಹೆಜ್ಜೆ ಹೆಜ್ಜೆಗೂ ಡೋಲಿ ಭಾರವಾಗುತ್ತ ಹೋಗುತ್ತದೆ, ಆದರೆ ಒಬ್ಬನೂ ಪರದೆ ಸರಿಸಿ ನೋಡುವುದಿಲ್ಲ. ಭಯಾನಕವೆಂಬ ರಸವನ್ನು ನಮ್ಮ ಹಿರಿಯರು ಒಂಬತ್ತರಲ್ಲಿ ಒಂದಾಗಿ ಎಣಿಸಿ, ಶೃಂಗಾರ ಕರುಣಗಳ ಪಂಕ್ತಿಯಲ್ಲಿಯೇ ಅದಕ್ಕೂ ಎಲೆ ಹಾಕಿದ್ದು ಸುಮ್ಮನೆ ಅಲ್ಲ. ಕಾಣದಿರುವುದನ್ನು ಕಾಣಿಸುವ ಕೆಲಸವನ್ನು ನೋಡುವವನ ಮನಸ್ಸಿಗೇ ಬಿಟ್ಟುಕೊಡುವ ರಸ ಅದು. ಈ ಮಾತನ್ನು ನಾನು ಅಧಿಕಾರದಿಂದಲೇ ಹೇಳಬಲ್ಲೆ. ಏಕೆಂದರೆ ನನ್ನ ಜೀವಮಾನದ ಅತ್ಯುತ್ತಮ ಭೂತದ ಚಿತ್ರವನ್ನು ನಾನು ಕಣ್ಣು ಮುಚ್ಚಿಕೊಂಡು ನೋಡಿದ್ದೇನೆ. ಆ ಒಂದು ಗುಟ್ಟನ್ನು ಅರವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಹೋದ ವರ್ಷ ಇದೇ ದಿನಗಳಲ್ಲಿ ಅದು ಹೊರಗೆ ಬಿತ್ತು.

ಆಗ ನನಗೆ ಹನ್ನೆರಡು, ನನ್ನ ಅಕ್ಕನಿಗೆ ಹದಿನೇಳು. ನಮ್ಮೂರಿನಲ್ಲಿ ಆಗ ತಗಡಿನ ಟಾಕೀಸೊಂದಿತ್ತು. ಹಬ್ಬದ ರಜೆಗಳಲ್ಲಿ ಮಧ್ಯಾಹ್ನದ ಆಟವೂ ಇರುತ್ತಿತ್ತು. ತಗಡಿಗೆ ಹೊಡೆದ ಮೊಳೆಗಳು ಅಲ್ಲಲ್ಲಿ ಕಿತ್ತುಹೋಗಿದ್ದರಿಂದ, ಹೊರಗಿನ ಬಿಸಿಲು ಆ ತೂತುಗಳಲ್ಲಿ ತೂರಿ, ಕತ್ತಲೆಯ ಮಾಡಿನ ತುಂಬ ನಕ್ಷತ್ರಗಳಂತೆ ಹೊಳೆಯುತ್ತಿತ್ತು. ಆ ವರ್ಷದ ದೀಪಾವಳಿಗೆ ಬಂದದ್ದು ಒಂದು ಬಂಗಲೆ, ಒಂದು ಹಾಳುಬಾವಿ, ಒಬ್ಬ ಬಿಳಿಸೀರೆಯ ಹೆಂಗಸು ಇರುವ ಕಪ್ಪು ಬಿಳುಪಿನ ಚಿತ್ರ. ಅಕ್ಕನನ್ನು ಒಬ್ಬಳನ್ನೇ ಕಳಿಸುವ ಹಾಗಿರಲಿಲ್ಲವಾದ್ದರಿಂದ ನಾನು ಕಾವಲಿಗೆಂದು ಹೋದೆ. ಆ ಶ್ರಾವಣದಲ್ಲಷ್ಟೇ ನನಗೆ ಮಠದಲ್ಲಿ ದೀಕ್ಷೆಯಾಗಿತ್ತು. ಕೊರಳಲ್ಲಿ ಹೊಸ ಶಿವದಾರ, ಎದೆಯ ಮೇಲೆ ಲಿಂಗ. ನನ್ನನ್ನು ಯಾವ ಭೂತವೂ ಮುಟ್ಟಲಾರದು ಎಂದು ದಾರಿಯುದ್ದಕ್ಕೂ ಅಕ್ಕನಿಗೆ ಉಪದೇಶ ಮಾಡಿದ್ದೆ.

ಬಾವಿಯ ದೃಶ್ಯ ಬಂತು. ರಾಟೆ ಕಿರುಗುಟ್ಟಿತು. ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡು ನನ್ನ ಕೈ ಹಿಡಿದಳು.

"ಏನಾತಲೇ? ಬಂದ್ಲಾ?"

"ಬಂದ್ಲು" ಎಂದೆ.

"ಹೆಂಗದಾಳ? ಹೇಳಲೇ, ಹೆಂಗದಾಳ?"

ಹೇಗಿದ್ದಾಳೆ ಎಂದು ನನಗೆ ಹೇಗೆ ತಿಳಿಯಬೇಕು? ರಾಟೆಯ ಸದ್ದು ಕೇಳಿದೊಡನೆ ಲಿಂಗವನ್ನೂ ದೀಕ್ಷೆಯನ್ನೂ ಮರೆತು ನಾನೂ ಕಣ್ಣು ಮುಚ್ಚಿಕೊಂಡಿದ್ದೆ. ಆದರೆ ಕಾವಲುಗಾರನು ಹಾಗೆ ಹೇಳುವುದುಂಟೆ? ಮಠದಲ್ಲಿ ಬಾಯಿಪಾಠ ಮಾಡಿದ್ದ ಹಳೆಯ ಪದ್ಯಗಳ ಯುದ್ಧಭೂಮಿಗಳಲ್ಲಿ ಪಿಶಾಚಿಗಳಿಗೇನೂ ಬರವಿರಲಿಲ್ಲ. ಅಲ್ಲಿಂದ ಕೂದಲನ್ನು ತಂದೆ, ನಡಿಗೆಯನ್ನು ತಂದೆ. ಅವಳ ಜಡೆ ನೆಲಕ್ಕೆ ಬಿದ್ದು ತಾನೇ ಹರಿದಾಡುತ್ತಿದೆ ಎಂದೆ. ಬಾವಿಯಿಂದ ಎದ್ದು ಬಂದರೂ ಸೀರೆ ಒದ್ದೆಯಾಗಿಲ್ಲ ಎಂದೆ. ಅಕ್ಕ "ಮುಂದ?" ಎಂದಳು. ನನ್ನ ಸರಕು ಮುಗಿಯುತ್ತ ಬಂದಿತ್ತು. "ಕೈಯಾಗ ದೀಪ ಐತಿ. ದೀಪ ಸೀದಾ ಐತಿ, ಉರಿ ಮಾತ್ರ ಕೆಳಗಡಿ ಮುಖ ಮಾಡಿ ಉರೀತೈತಿ" ಎಂದೆ. ಇದು ಯಾವ ಪದ್ಯದಲ್ಲಿಯೂ ಇರಲಿಲ್ಲ. ಎಲ್ಲಿಂದ ಬಂತೆಂದು ಇಂದಿಗೂ ನನಗೆ ಗೊತ್ತಿಲ್ಲ.

ಅಕ್ಕ ಅಷ್ಟಕ್ಕೇ ಎದ್ದುಬಿಟ್ಟಳು. ಚಿತ್ರ ಮುಗಿಯುವ ಮೊದಲೇ ನಾವಿಬ್ಬರೂ ಬಿಸಿಲಿಗೆ ಬಂದು ನಿಂತೆವು. ಹುರಿಗಡಲೆ ಮಾರುವವನ ಗಾಡಿಯ ಪಕ್ಕದಲ್ಲಿ ಅವಳು ನನ್ನ ಗದ್ದ ಹಿಡಿದೆತ್ತಿ, "ಖರೇನೇ ನೋಡಿದ್ಯಾ? ಲಿಂಗ ಮುಟ್ಟಿ ಹೇಳು" ಎಂದಳು.

ನಾನು ಲಿಂಗ ಮುಟ್ಟಿ, "ನೋಡೀನಿ" ಎಂದೆ.

ಹನ್ನೆರಡು ವರ್ಷದವನ ಬುದ್ಧಿಯೂ ತನ್ನ ಸುಳ್ಳಿಗೆ ತಾನೇ ಟೀಕು ಬರೆದುಕೊಳ್ಳುತ್ತದೆ. ಒಳಗಣ್ಣಿನಿಂದ ನೋಡಿದ್ದೂ ನೋಡಿದ್ದೇ ಅಲ್ಲವೆ ಎಂದು ನಾನು ಸಮಾಧಾನ ಮಾಡಿಕೊಂಡೆ. ಆದರೆ ಅಂದಿನಿಂದ ದಿನವೂ ಪೂಜೆಗೆ ಕುಳಿತು ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡಾಗ, ಒಂದು ಕ್ಷಣ, ಆ ಹುರಿಗಡಲೆಯ ಗಾಡಿ ಕಣ್ಣ ಮುಂದೆ ಬಂದು ಹೋಗುತ್ತಿತ್ತು. ಪರಶಿವನು ಎಲ್ಲವನ್ನೂ ಬಲ್ಲನು. ಅವನಲ್ಲಿ ಕ್ಷಮೆ ಬೇಡುವುದು ಸುಲಭ. ಅಕ್ಕನಲ್ಲಿ ಬೇಡುವುದೇ ಕಷ್ಟವಾಗಿತ್ತು.

ಕಷ್ಟವಾದದ್ದಕ್ಕೆ ಕಾರಣವಿದೆ. ಮರುವರ್ಷ ಅವಳನ್ನು ಸೊರಬಕ್ಕೆ ಕೊಟ್ಟರು. ತುಂಬಿದ ಮನೆ, ಗುರುತಿಲ್ಲದ ಮುಖಗಳು. ಮೊದಲ ತಿಂಗಳು ಅವಳೊಡನೆ ಯಾರೂ ಹೆಚ್ಚು ಮಾತನಾಡಲಿಲ್ಲವಂತೆ. ಒಂದು ಸಂಜೆ ಶೇಂಗಾ ಸುಲಿಯುತ್ತ ಕುಳಿತಿದ್ದಾಗ ಅವಳು ತಲೆಕೆಳಗಿನ ದೀಪದ ಕಥೆ ತೆಗೆದಳು. ನಾದಿನಿಯರು ಹತ್ತಿರ ಸರಿದರು, ಅತ್ತೆ ಕೆಲಸ ನಿಲ್ಲಿಸಿದರು. ಮಾರನೆಯ ದಿನ ಅತ್ತೆಯೇ ಕರೆದು, "ಬಾರೆ, ಅದೊಂದ್ಸಲ ಹೇಳು" ಎಂದರಂತೆ. "ತೌರುಮನೆಯಿಂದ ನಾನು ತಂದ ಬಳುವಳಿಯಲ್ಲಿ ಇನ್ನೂ ಸವೀದೆ ಇರೋದು ಅದೊಂದೇ" ಎಂದು ಅಕ್ಕ ಈಗಲೂ ಹೇಳುತ್ತಾಳೆ. ಮಕ್ಕಳಿಗೆ, ಮೊಮ್ಮಕ್ಕಳಿಗೆ, ಇಡೀ ಬೀದಿಗೆ ಅವಳು ಆ ದೀಪವನ್ನು ತೋರಿಸಿಬಿಟ್ಟಿದ್ದಾಳೆ. ಪ್ರತಿ ಸಲವೂ ಕೊನೆಗೆ ಒಂದು ಮುದ್ರೆ: "ಸುಳ್ಳಲ್ಲ, ನನ್ನ ತಮ್ಮ ಲಿಂಗ ಮುಟ್ಟಿ ಹೇಳ್ಯಾನೆ."

ಹೋದ ವರ್ಷ ದಸರೆಯಾದ ಮೇಲೆ ಅಕ್ಕನ ಎರಡೂ ಕಣ್ಣಿನ ಪೊರೆ ತೆಗೆದದ್ದಾಯಿತು. ಒಂದಾದ ಮೇಲೆ ಒಂದು, ನಡುವೆ ಕೆಲವು ದಿನ ಬಿಟ್ಟು. ನೀರು ತಾಗಿಸಬೇಡಿ, ಉಜ್ಜಬೇಡಿ, ಈ ಸಲ ಹಬ್ಬದ ಎಣ್ಣೆಸ್ನಾನ ತಲೆಗೆ ಬೇಡ ಎಂದು ವೈದ್ಯರು ಅಪ್ಪಣೆ ಮಾಡಿದರು. ಎಣ್ಣೆಸ್ನಾನವಿಲ್ಲದ ದೀಪಾವಳಿಯನ್ನು ಅಕ್ಕ ಎಪ್ಪತ್ತೇಳು ವರ್ಷದಲ್ಲಿ ಒಂದನ್ನೂ ಕಂಡವಳಲ್ಲ. ಮುನಿಸಿಕೊಂಡು ಕುಳಿತ ಅತ್ತೆಯನ್ನು ಒಲಿಸಲು ಸೊಸೆ ಒಂದು ಉಪಾಯ ಮಾಡಿದಳು. ಹ್ಯಾಲೋವೀನ್ ನೆಪದಲ್ಲಿ ಯಾರೋ ಇಂಟರ್ನೆಟ್ಟಿನಲ್ಲಿ ಹಳೆಯ ಭೂತದ ಚಿತ್ರಗಳ ಪಟ್ಟಿಯೊಂದನ್ನು ಹಾಕಿದ್ದರಂತೆ. ಅದರಲ್ಲಿ ಬಂಗಲೆ, ಹಾಳುಬಾವಿ, ಬಿಳಿಸೀರೆಯ ನಮ್ಮ ಚಿತ್ರವೂ ಇತ್ತು.

ಅಕ್ಕ ನನಗೆ ಫೋನು ಮಾಡಿದಳು. ಧ್ವನಿಯಲ್ಲಿ ಹದಿನೇಳರ ಹುಡುಗಿ.

"ತಮ್ಮಾ, ಸಿಕ್ತೋ ಮಾರಾಯಾ! ಅವತ್ತು ಸೆರಗು ಮುಚ್ಕೊಂಡೆ. ಈಗ ಹೊಸಾ ಕಣ್ಣು ಬಂದೈತೆ. ಆ ದೀಪಾನ ನಾನೇ ನೋಡ್ತೀನಿ. ಶನಿವಾರ ಮಧ್ಯಾಹ್ನ ಬಾ. ಬೀದಿಯೋರಿಗೆಲ್ಲಾ ಹೇಳೀನಿ."

"ಬೀದಿಯವರಿಗೆಲ್ಲ ಯಾಕಕ್ಕಾ?"

"ಅರವತ್ತು ವರ್ಷ ಕೇಳ್ಯಾರೆ. ಕಣ್ಣಾರೆ ನೋಡ್ಲಿ."

ನಾನು ಫೋನು ಇಟ್ಟೆ. ನನ್ನ ಮಾತು ಸುಳ್ಳಾಗುವುದು ದೊಡ್ಡದಲ್ಲ. ಅವಳ ಮಾತು ಸುಳ್ಳಾಗುವುದು, ಅದೂ ಅವಳೇ ಕರೆದು ಕೂರಿಸಿದ ಸಭೆಯ ಮುಂದೆ! ಚಿತ್ರಕ್ಕೆ ಮೊದಲೇ ಅವಳೊಬ್ಬಳಿಗೇ ನಿಜ ಹೇಳಬೇಕು ಎಂದು ನಿಶ್ಚಯಿಸಿದೆ. ಗುರುವಾರವೇ ಹೊರಟೆ. ಬಸ್ಸು ಶಿರಾಳಕೊಪ್ಪ ದಾಟುವ ಹೊತ್ತಿಗೆ ಪೀಠಿಕೆ ಸಿದ್ಧವಾಗಿತ್ತು: "ಅಗ್ರಜೆಯಾದ ನಿನ್ನಲ್ಲಿ ಬಾಲ್ಯದ ಅಪರಾಧವೊಂದನ್ನು ನಿವೇದಿಸಬೇಕಾಗಿದೆ." ಸೊರಬದ ನಿಲ್ದಾಣದಲ್ಲಿ ಇಳಿಯುವಾಗ ಅದು, "ಅಕ್ಕಾ, ಒಂದು ಮಾತಿತ್ತು" ಎಂಬಷ್ಟಕ್ಕೆ ಇಳಿದಿತ್ತು. ಮನೆಯ ಬಾಗಿಲಲ್ಲಿ ಅಕ್ಕ ಕಪ್ಪು ಕನ್ನಡಕ ಹಾಕಿಕೊಂಡು ನಿಂತಿದ್ದಳು. ನನ್ನನ್ನು ಕಂಡೊಡನೆ ಕನ್ನಡಕ ಮೇಲೆತ್ತಿ, ಹತ್ತಿರ ಬಂದು, ಮುಖವನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ, "ಅಯ್ಯೋ ಶಿವನೆ, ಇಷ್ಟು ಮುದುಕ ಆಗೀಯೇನೋ! ಯಾರೂ ನಂಗೆ ಹೇಳ್ಲೇ ಇಲ್ಲ" ಎಂದಳು. ಅವಳು ಅಷ್ಟೊಂದು ಸಂತೋಷದಲ್ಲಿರುವಾಗ ನಾನು ಆ ಒಂದು ಮಾತನ್ನು ಎತ್ತಲಿಲ್ಲ. ಅವಳ ಕಣ್ಣಿಗೆ ಹನಿ ಹಾಕಿ, ಊಟ ಮಾಡಿ, ಹಿಂದಿರುಗಿದೆ.

ಶುಕ್ರವಾರ ಫೋನಿನಲ್ಲಿ ಪ್ರಯತ್ನಿಸಿದೆ. ಸಭೆಗೆ ಮಂಡಕ್ಕಿ ಎಷ್ಟು ಸೇರು ತರಿಸಬೇಕು ಎಂಬ ವಿಚಾರದಲ್ಲಿಯೇ ಮಾತು ಮುಗಿಯಿತು. ಹೆಂಡತಿಗೆ ಮಾತ್ರ ಅಂದು ಎಲ್ಲವನ್ನೂ ಹೇಳಿದೆ. ಅವಳು ಬಾಯಿಗೆ ಕೈ ಇಟ್ಟುಕೊಂಡಳು. ದುಃಖಕ್ಕೆಂದು ಮೊದಲು ಭಾವಿಸಿದೆ. ನಗೆ ತಡೆದುಕೊಳ್ಳುವುದಕ್ಕೆ. "ಮದುವಿಯಾದಾಗಿಂದ ನೋಡ್ತಾ ಇದೀನಿ, ಮನ್ಯಾಗ ಹಾವು ಬಂದ್ರೂ ಮೊದ್ಲು ಕಣ್ಣು ಮುಚ್ಚೋರು ನೀವು. ನಂಗೇನೂ ಹೊಸಾದಲ್ಲ ಬಿಡ್ರಿ" ಎಂದಳು.

ಶನಿವಾರ ನಾನು ಮುಟ್ಟುವಾಗಲೇ ಅಕ್ಕನ ಮನೆಯ ಜಗಲಿಯ ತುಂಬ ಚಪ್ಪಲಿ. ತಗಡಿನ ಟಾಕೀಸಿನ ಹಾಗೆಯೇ ಕತ್ತಲೆಯಾಗಬೇಕೆಂದು ಅಕ್ಕ ಹಟ ಹಿಡಿದಿದ್ದರಿಂದ ಕಿಟಕಿಗಳಿಗೆ ಕಂಬಳಿ ಕಟ್ಟಿದ್ದರು. ಹಳೆಯ ಕಂಬಳಿಯ ತೂತುಗಳಲ್ಲಿ ಮಧ್ಯಾಹ್ನದ ಬಿಸಿಲು ಚುಕ್ಕಿ ಚುಕ್ಕಿಯಾಗಿ ಇಳಿಯುತ್ತಿತ್ತು. ಹದಿನೈದು ಹೆಂಗಸರು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಪರಾತವನ್ನು ನಡುವೆ ಇಟ್ಟುಕೊಂಡು ಕುಳಿತಿದ್ದರು. ಇದ್ದ ಗಂಡಸು ನಾನೊಬ್ಬ. ನಡುವಿನ ಕುರ್ಚಿಯಲ್ಲಿ ಅಕ್ಕ, ಅವಳ ಬಲಕ್ಕೆ ನನ್ನ ಕುರ್ಚಿ. ಹೇಳಲು ಇನ್ನು ಏಕಾಂತವೆಲ್ಲಿ?

"ಶುರು ಮಾಡ್ಲಾ ಮಾವಾರೆ?" ಎಂದು ಅಕ್ಕನ ಸೊಸೆ ಕೇಳಿದಳು.

"ಕರೆಂಟು ಹೋಗೋ ಹಂಗಿಲ್ವೇನಮ್ಮಾ?" ಎಂದೆ.

"ಇನ್ವರ್ಟರ್ ಐತೆ ಮಾವಾರೆ, ಹೆದರಬ್ಯಾಡ್ರಿ."

ಚಿತ್ರ ಆರಂಭವಾಯಿತು. ಬಂಗಲೆ ಬಂತು, ನಾಯಿ ಊಳಿಟ್ಟಿತು, ಹೆಂಗಸರು ಮಂಡಕ್ಕಿ ಅಗಿಯುವುದನ್ನು ನಿಲ್ಲಿಸಿದರು. ಬಾವಿಯ ರಾಟೆ ಕಿರುಗುಟ್ಟಿತು. ಅಕ್ಕ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, ಬೆನ್ನು ನೇರ ಮಾಡಿ, "ಈಗ ನೋಡ್ರಿ" ಎಂದಳು. ಅರವತ್ತು ವರ್ಷಗಳ ಬಳಿಕ ನಾನೂ ಆ ದೃಶ್ಯಕ್ಕೆ ಮೊದಲ ಸಲ ಕಣ್ಣು ತೆರೆದೇ ಇದ್ದೆ.

ಬಾವಿಯ ಹಿಂದಿನಿಂದ ಬಿಳಿಸೀರೆಯೊಂದು ಹೊರಗೆ ಬಂತು. ಜಡೆ ಹರಿದಾಡಲಿಲ್ಲ, ಕೂದಲು ನೆತ್ತಿಯ ಮೇಲೆ ತುಸು ವಾರೆಯಾಗಿ ಕೂತಿತ್ತು. ಕೈಯಲ್ಲಿ ಲಾಟೀನು. ಅದರ ಉರಿ ಎಲ್ಲ ಲಾಟೀನಿನ ಉರಿಯ ಹಾಗೆ ಮೇಲಕ್ಕೇ ಉರಿಯುತ್ತಿತ್ತು. ಲಾಟೀನು ಹಿಡಿದ ಮಣಿಕಟ್ಟಿನಲ್ಲಿ ಕೈಗಡಿಯಾರ ಸ್ಪಷ್ಟವಾಗಿ ಕಾಣುತ್ತಿತ್ತು. ಮುಂದೆ ಹತ್ತು ನಿಮಿಷದಲ್ಲಿ ನಾಯಕನು ಬಂದು ಅದರ ಸೆರಗು ಎಳೆದ. ಒಳಗಿದ್ದವನು ಬಂಗಲೆಯ ಅಡುಗೆಯವನು. ದಪ್ಪ ಮೀಸೆ. ಚಿತ್ರದಲ್ಲಿ ಭೂತವೇ ಇರಲಿಲ್ಲ.

ಎದುರುಮನೆಯಲ್ಲಿ ಬಟ್ಟೆ ಹೊಲಿಯುವ ಹೆಣ್ಣುಮಗಳೊಬ್ಬಳಿದ್ದಾಳೆ. ಕತ್ತರಿಗಿಂತ ನಾಲಿಗೆ ಹರಿತ. ಮೊದಲು ನಕ್ಕವಳು ಅವಳು. "ಅಜ್ಜೀ, ನಿಮ್ಮ ಭೂತಕ್ಕೆ ಟೈಮು ನೋಡ್ಕೊಂಡು ಬರೋ ಅಭ್ಯಾಸ ಐತಲ್ರೀ! ಎಲ್ಲಿ, ತಲೆಕೆಳಗಿನ ದೀಪ ಎಲ್ಲಿ? ನಾನು ಸಣ್ಣೋಳಿದ್ದಾಗ ಅದಕ್ಕೆ ಹೆದರಿ ಹಾಗಲಕಾಯಿ ಪಲ್ಯ ಎಲ್ಲಾ ತಿಂದೀನಿ!"

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಪರದೆಯನ್ನೇ ನೋಡುತ್ತ, ಒಂದು ಸಲ ಎಡಗಣ್ಣು ಮುಚ್ಚಿ, ಒಂದು ಸಲ ಬಲಗಣ್ಣು ಮುಚ್ಚಿ ನೋಡಿದಳು. ಆಪರೇಷನ್ ಎಲ್ಲಿಯೋ ಕೆಟ್ಟಿತೇನೋ ಎಂದು ಪರೀಕ್ಷಿಸುವವಳಂತೆ. ಆಮೇಲೆ ದೃಢವಾಗಿ ಹೇಳಿದಳು:

"ಕತ್ತರಿಸ್ಯಾರೆ. ಹಳೇ ಸಿನಿಮಾ ನೋಡು, ಟೀವಿಯೋರು ಕತ್ತರಿಸಿ ಹಾಕ್ಯಾರೆ. ದೀಪ ಇತ್ತು. ನನ್ನ ತಮ್ಮ ಸುಳ್ಳು ಹೇಳೋನಲ್ಲ. ಲಿಂಗ ಮುಟ್ಟಿ ಹೇಳ್ಯಾನೆ. ಇಲ್ಲೇ ಕುಂತಾನಲ್ಲ, ಕೇಳ್ರಿ."

ಹದಿನೈದು ಮುಖಗಳು ನನ್ನ ಕಡೆ ತಿರುಗಿದವು. ಹೌದು, ಕತ್ತರಿಸಿದ್ದಾರೆ ಎಂದುಬಿಟ್ಟಿದ್ದರೆ ಅಕ್ಕನ ಮಾತು ಉಳಿಯುತ್ತಿತ್ತು, ನನ್ನದೂ ಉಳಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದದ್ದೂ ಹೌದು. ಆದರೆ ನನ್ನ ಕೈ ತಾನಾಗಿ ಎದೆಯ ಮೇಲಿನ ಕರಡಿಗೆಯ ಮೇಲೆ ಹೋಗಿತ್ತು. ಒಂದೇ ಲಿಂಗವನ್ನು ಎರಡು ಸಲ ಸಾಕ್ಷಿಗೆ ಕರೆಯುವ ಧೈರ್ಯ ನನಗೆ ಬರಲಿಲ್ಲ. ಎದ್ದು ನಿಂತೆ.

"ಅಕ್ಕಾ, ಟೀವಿಯವರು ಕತ್ತರಿಸಿಲ್ಲ. ಅವತ್ತು ನಾನೂ ಕಣ್ಣು ಮುಚ್ಕೊಂಡಿದ್ದೆ. ಜಡೆ, ದೀಪ ಎಲ್ಲಾ ನಾನೇ ಕಟ್ಟಿ ಹೇಳಿದ್ದು. ಲಿಂಗ ಮುಟ್ಟಿ ಹೇಳಿದ್ದು ಸುಳ್ಳು. ತಪ್ಪಾತು."

ಯಾರೋ ಟೀವಿಯ ಸದ್ದು ಅಡಗಿಸಿದರು. ಹೊಲಿಗೆಯವಳೂ ತಲೆ ತಗ್ಗಿಸಿದಳು. ಅಕ್ಕ ನನ್ನನ್ನು ನೋಡುತ್ತಲೇ ಇದ್ದಳು. ಪೊರೆಯಿಲ್ಲದ ಆ ಕಣ್ಣುಗಳಿಂದ ಮರೆಯಾಗಲು ಜಾಗವಿರಲಿಲ್ಲ.

"ಹಂಗಾದ್ರೆ," ಎಂದಳು ನಿಧಾನವಾಗಿ, "ಟಾಕೀಸಿಂದ ನನ್ನ ಕೈ ಹಿಡ್ಕೊಂಡು ಹೊರಗೆ ಕರ್ಕೊಂಡು ಬಂದ್ಯಲ್ಲ, ಆವಾಗ?"

"ಬಾಗಿಲು ದಾಟೋ ತನಕ ಮುಚ್ಕೊಂಡೇ ಇದ್ದೆ."

"ಅಂದ್ರೆ ನಾನೂ ಕಣ್ಣು ಮುಚ್ಕೊಂಡು, ನೀನೂ ಕಣ್ಣು ಮುಚ್ಕೊಂಡು, ಅಷ್ಟು ಜನರ ಕಾಲು ತುಳ್ಕೊಂಡು ಬಂದ್ವಾ?"

"ಒಬ್ಬರು ಬೈದ್ರು, ನೆನಪೈತೆ."

ಅಕ್ಕನ ಭುಜ ಅಲುಗತೊಡಗಿತು. ಅಳುತ್ತಾಳೆಂದು ಸೊಸೆ ಓಡಿಬಂದು, "ಅತ್ತೇ, ಅಳಬ್ಯಾಡ್ರಿ, ಕಣ್ಣಿಗೆ ನೀರು ಆಗಬಾರ್ದು" ಎಂದಳು. ಅಕ್ಕ ನಗುತ್ತಿದ್ದಳು. ನಕ್ಕು ನಕ್ಕು ಕಣ್ಣಿನಲ್ಲಿ ನೀರು ಬಂದೇ ಬಂತು. ಒರೆಸಿಕೊಳ್ಳಬಾರದೆಂದು ಸೊಸೆ ಅವಳ ಎರಡೂ ಕೈ ಹಿಡಿದುಕೊಂಡು ತಾನೂ ನಗತೊಡಗಿದಳು. ಆ ನಗೆ ಪರಾತದ ಸುತ್ತ ಒಂದು ಸುತ್ತು ಬಂತು.

ಅದು ಇಳಿದ ಮೇಲೆ ಅಕ್ಕ ಗಂಭೀರಳಾದಳು. "ನಗೆ ಬ್ಯಾರೆ. ಆಣೆ ಬ್ಯಾರೆ. ಲಿಂಗ ಮುಟ್ಟಿ ಸುಳ್ಳು ಹೇಳೀಯ. ಅದಕ್ಕೆ ಪ್ರಾಯಶ್ಚಿತ್ತ ಆಗ್ಬೇಕು."

"ಮಠಕ್ಕೆ ಹೋಗಿ ಗುರುಗಳನ್ನ ಕೇಳ್ತೀನಿ ಅಕ್ಕಾ."

"ಸುಳ್ಳು ಕೇಳಿದೋಳು ನಾನು, ಗುರುಗಳನ್ನ ಯಾಕೆ ಕೇಳ್ತೀಯ? ನಾನೇ ಹೇಳ್ತೀನಿ." ಅವಳು ಟೀವಿಯತ್ತ ಕೈ ಬೀಸಿದಳು. "ಆ ಮೀಸೆಯವನ್ನ ಆರಿಸ್ರೇ. ತಮ್ಮಾ, ಮುಂದೆ ಹೋಗಿ ನಿಂತ್ಕೋ. ನಿನ್ನ ಭೂತಾನ ಇವರ ಮುಂದೆ ನೀನೇ ಹೇಳು. ಇಷ್ಟು ವರ್ಷ ನಿನ್ನ ಕೆಲಸ ನಾನು ಮಾಡೀನಿ, ಸಾಕಾಗೈತೆ. ಮೊದ್ಲೇ ಎಲ್ರಿಗೂ ಹೇಳು, ಇದು ನಾನು ಕಟ್ಟಿದ್ದು ಅಂತ. ಕಣ್ಣು ಮಾತ್ರ ಮುಚ್ಚೋ ಹಂಗಿಲ್ಲ."

ಹೊಲಿಗೆಯವಳು ತಕ್ಷಣ ಪಕ್ಷ ಬದಲಿಸಿದಳು. "ಹೇಳ್ರಿ ಮೇಷ್ಟ್ರೇ. ಅಡುಗೆಭಟ್ಟನಿಗೆ ಹೆದರೋಕೆ ನಾನು ಅಂಗಡಿ ಬಾಗಿಲು ಹಾಕಿ ಬಂದಿಲ್ಲ."

ಪರದೆ ಆರಿತು. ಕಂಬಳಿಯ ತೂತುಗಳ ಬಿಸಿಲಷ್ಟೇ ಉಳಿಯಿತು. ಸಾವಿರಾರು ಮಕ್ಕಳ ಮುಂದೆ ನಿಂತವನು ಆ ಹದಿನೈದು ಹೆಂಗಸರ ಮುಂದೆ ಹೋಗಿ ನಿಂತೆ. "ಇದು ನಾನು ಕಟ್ಟಿದ ಕಥೆ" ಎಂದು ಆರಂಭಿಸಿದೆ. ಬಾವಿಯನ್ನು ತೋಡಿದೆ, ರಾಟೆಯನ್ನು ಕಟ್ಟಿದೆ. ಜಡೆ ನೆಲಕ್ಕಿಳಿದು ಹರಿಯತೊಡಗಿತು. ಒದ್ದೆಯಾಗದ ಸೀರೆ ಒಂದೊಂದೇ ಮೆಟ್ಟಿಲೇರಿತು. ಮಂಡಕ್ಕಿಯ ಸದ್ದು ನಿಂತದ್ದು ನನಗೆ ಕೇಳಿಸಿತು. ಸೊಸೆ ಕಾಲು ಮೇಲೆ ಎಳೆದುಕೊಂಡದ್ದು ಕಾಣಿಸಿತು. ಹೊಲಿಗೆಯವಳು ಪಕ್ಕದವಳ ಮೊಣಕೈ ಹಿಡಿದದ್ದೂ ಕಾಣಿಸಿತು. ಕಣ್ಣು ತೆರೆದು ಹೇಳುವುದರಲ್ಲಿ ಇಷ್ಟು ನೋಡುವುದಿದೆಯೆಂದು ನನಗೆ ತಿಳಿದಿರಲಿಲ್ಲ.

"ಕೈಯಾಗ ದೀಪ ಐತಿ" ಎಂದೆ, ಹನ್ನೆರಡರ ವಯಸ್ಸಿನ ಶಿಕಾರಿಪುರದ ಮಾತಿನಲ್ಲಿ.

ಆಗ ಅಕ್ಕನ ಕಡೆ ನೋಡಿದೆ. ಅಷ್ಟು ಶ್ರಮಪಟ್ಟು ತೆರೆಸಿದ ಹೊಸ ಕಣ್ಣುಗಳ ಮೇಲೆ ಸೆರಗು ಬಂದಿತ್ತು. ಒಂದು ಕೈ ಸೆರಗನ್ನು ಹಿಡಿದಿತ್ತು. ಇನ್ನೊಂದು ಕೈ, ಬಲಕ್ಕಿದ್ದ ನನ್ನ ಖಾಲಿ ಕುರ್ಚಿಯ ಮೇಲೆ ನನ್ನ ಕೈಗಾಗಿ ತಡಕಾಡುತ್ತಿತ್ತು.

"ಅಕ್ಕಾ, ಕಣ್ಣು ಮುಚ್ಕೊಂಡ್ಯಾ?"

"ಡಾಕ್ಟ್ರು ರೆಸ್ಟ್ ಕೊಡಿ ಅಂದಾರೆ" ಎಂದಳು ಸೆರಗಿನ ಒಳಗಿನಿಂದ. "ನೀನು ಹೇಳು. ಬಂದ್ಲಾ?"

ನಾನು ಹೋಗಿ ನನ್ನ ಕುರ್ಚಿಯಲ್ಲಿ ಕುಳಿತು, ಅವಳ ಕೈ ಹಿಡಿದು, "ಬಂದ್ಲು" ಎಂದೆ.